ದುಡಿಮೆ, ಬಿಡುವು ಮತ್ತು ಕೇಳಿಕೆ: ಚಿಕ್ಕಬಳ್ಳಾಪುರ ಸೀಮೆಯ ಜನಪದರ ಬಿಡುವಿನ ಕಾಲ – ಒಂದು ಚಾರಿತ್ರಿಕ ಅವಲೋಕನ

1. ಪೀಠಿಕೆ

ಹೊಟ್ಟೆಪಾಡಿಗಾಗಿ ದುಡಿಯಲೇಬೇಕೆಂಬ ಅನಿವಾರ್ಯತೆ ಇಲ್ಲದಿದ್ದರೆ ಮನುಷ್ಯ ತನ್ನ ಕಾಲವನ್ನು ಹೇಗೆ ಕಳೆಯುತ್ತಿದ್ದ ಎಂಬ ಪ್ರಶ್ನೆಯನ್ನು ಆಧುನಿಕ ಚಿಂತಕರು ಹೆಚ್ಚಾಗಿ ಭವಿಷ್ಯಕ್ಕೆ ಸಂಬಂಧಿಸಿದ ಪ್ರಶ್ನೆಯೆಂದೇ ಭಾವಿಸಿದ್ದಾರೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೀನ್ಸ್ 1930ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಇನ್ನು ನೂರು ವರ್ಷಗಳಲ್ಲಿ ವಾರಕ್ಕೆ 15 ಗಂಟೆಗಳ ದುಡಿಮೆ ಸಾಕಾಗುವ ಕಾಲ ಬರಬಹುದೆಂದೂ, ಆಗ ಬಿಡುವನ್ನು ಹೇಗೆ ತುಂಬಿಕೊಳ್ಳಬೇಕೆಂಬುದೇ ಮನುಷ್ಯನ ಮುಂದಿನ ದೊಡ್ಡ ಸಮಸ್ಯೆಯಾಗುವುದೆಂದೂ ಊಹಿಸಿದ್ದನು. ಆಟವೇ ಸಂಸ್ಕೃತಿಯ ತಾಯಿಬೇರು ಎಂದು ಪ್ರತಿಪಾದಿಸಿದ ಡಚ್ ಇತಿಹಾಸಕಾರ ಯೋಹಾನ್ ಹೈಸಿಂಗಾನ ಕೃತಿ 1938ರಲ್ಲಿ ಹೊರಬಂದಿತು.

ಆದರೆ ಮಳೆಯನ್ನೇ ನಂಬಿದ ಒಣಭೂಮಿಯ ರೈತನಿಗೆ ಈ ಪ್ರಶ್ನೆ ಭವಿಷ್ಯದ್ದಾಗಿರಲಿಲ್ಲ. ಪ್ರತಿವರ್ಷವೂ ಕೆಲವು ತಿಂಗಳ ಕಾಲ ಅವನು ಅದಕ್ಕೆ ಉತ್ತರ ಕೊಡುತ್ತಲೇ ಬಂದಿದ್ದನು. ಸುಗ್ಗಿ ಮುಗಿದು, ಕಾಳು ಕಣಜ ಸೇರಿ, ಮುಂದಿನ ಮಳೆ ಬೀಳುವವರೆಗೆ ನೆಲದಲ್ಲಿ ಮಾಡುವುದಕ್ಕೆ ಹೆಚ್ಚೇನೂ ಇಲ್ಲದ ಆ ತಿಂಗಳುಗಳಲ್ಲಿ ಜನ ಏನು ಮಾಡುತ್ತಿದ್ದರು ಎಂಬುದು ಊಹೆಯ ವಿಷಯವಲ್ಲ, ಚರಿತ್ರೆಯ ವಿಷಯ. ಈ ದೃಷ್ಟಿಯಿಂದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ಜನಪದ ಬದುಕನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ. ಕೋಲಾರ ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕುಗಳು 2007ರಲ್ಲಿ ರಚನೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯ ಭಾಗವಾದವು. ಉತ್ತರ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಮೊದಲಾದ ನದಿಗಳು ಈ ಸೀಮೆಯಲ್ಲಿಯೇ ಹುಟ್ಟಿದರೂ ಅವುಗಳಲ್ಲಿ ವರ್ಷವಿಡೀ ಹರಿಯುವ ನೀರಿಲ್ಲ. ಕೆರೆಗಳನ್ನೂ ಮಳೆಯನ್ನೂ ಆಶ್ರಯಿಸಿದ, ಕನ್ನಡ ಮತ್ತು ತೆಲುಗು ಎರಡನ್ನೂ ಮನೆಮಾತಿನಂತೆ ಬಳಸುವ ಈ ಸೀಮೆಯಲ್ಲಿ ಬಿಡುವಿನ ಕಾಲ ಹೇಗೆ ರೂಪುಗೊಂಡಿತು, ಯಾರಿಗೆ ದೊರೆಯಿತು, ಹೇಗೆ ಕರಗಿತು ಎಂಬುದನ್ನು ಮುಂದೆ ವಿವೇಚಿಸಲಾಗಿದೆ.

2. ಬಿಡುವನ್ನು ಹೇಳುವ ಮಾತುಗಳು

ದುಡಿಮೆಯಿಲ್ಲದ ಕಾಲವನ್ನು ಸೂಚಿಸಲು ಈ ಸೀಮೆಯ ಜನ ಬಳಸುವ ಮಾತುಗಳೇ ಒಂದು ಚರಿತ್ರೆಯನ್ನು ಒಳಗೊಂಡಿವೆ. 'ಬಿಡುವು' ಎಂಬುದು 'ಬಿಡು' ಎಂಬ ಧಾತುವಿನಿಂದ ಬಂದ ಅಚ್ಚಗನ್ನಡ ಪದ. ಹಿಡಿದ ಕೆಲಸವನ್ನು ತಾನಾಗಿ ಬಿಟ್ಟ ಸ್ಥಿತಿ ಎಂಬ ಅರ್ಥ ಅದರಲ್ಲಿದೆ. ತೆಲುಗಿನ 'ತೀರಿಕ' ಎಂಬ ಮಾತು 'ತೀರು', ಅಂದರೆ ಮುಗಿಯುವುದು ಎಂಬ ಮೂಲದಿಂದ ಬಂದಿದೆ. ಕೆಲಸ ತೀರಿದ ಮೇಲೆ ಉಳಿಯುವ ಹೊತ್ತು ಎಂಬುದು ಅದರ ಭಾವ. ಪಾರಸಿಯ ಮೂಲಕ ಬಂದ 'ಪುರುಸೊತ್ತು' ಅವಕಾಶ ಎಂಬ ಅರ್ಥವನ್ನು ಹೊಂದಿದೆ. 'ರಜೆ' ಎಂಬ ಮಾತಿನ ಮೂಲಾರ್ಥ ಒಪ್ಪಿಗೆ, ಅಪ್ಪಣೆ ಎಂದು. ಇನ್ನೊಬ್ಬರು ಕೊಟ್ಟಾಗ ಮಾತ್ರ ಅದು ದೊರೆಯುತ್ತದೆ. ಕೊನೆಯದಾಗಿ 'ಖಾಲಿ' ಎಂಬ ಮಾತಿದೆ. 'ಖಾಲಿ ಕೂತಿದ್ದಾನೆ' ಎಂದರೆ ಮಾಡಲು ಕೆಲಸವೂ ಇಲ್ಲ, ಇಲ್ಲದಿರುವುದರಲ್ಲಿ ಸುಖವೂ ಇಲ್ಲ ಎಂದರ್ಥ.

ಬಿಡುವು, ರಜೆ ಮತ್ತು ಖಾಲಿ ಈ ಮೂರೂ ಮೇಲ್ನೋಟಕ್ಕೆ ಒಂದೇ ಸ್ಥಿತಿಯನ್ನು ಹೇಳುವಂತೆ ಕಂಡರೂ ಮೂರು ಬಗೆಯ ಕಾಲಗಳನ್ನು ನಿರ್ದೇಶಿಸುತ್ತವೆ. ಮೊದಲನೆಯದು ಊರು ತಾನೇ ಪಡೆದುಕೊಂಡದ್ದು, ಎರಡನೆಯದು ಒಡೆಯನು ಕೊಟ್ಟದ್ದು, ಮೂರನೆಯದು ಬರವೋ ನಿರುದ್ಯೋಗವೋ ಹೇರಿದ್ದು. ಜನರು ದುಡಿಮೆಯಿಲ್ಲದ ಕಾಲವನ್ನು ಹೇಗೆ ಕಳೆದರೆಂಬುದು ಆ ಕಾಲ ಈ ಮೂರರಲ್ಲಿ ಯಾವ ಬಗೆಯದು ಎಂಬುದನ್ನೇ ಅವಲಂಬಿಸಿತ್ತು ಎಂಬುದು ಮುಂದಿನ ವಿವರಗಳಿಂದ ಸ್ಪಷ್ಟವಾಗುತ್ತದೆ.

ಗಾದೆಗಳು ಸಾಮಾನ್ಯವಾಗಿ ದುಡಿಮೆಯ ಪರವಾಗಿಯೇ ನಿಲ್ಲುತ್ತವೆ. 'ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು', 'ಕೈ ಕೆಸರಾದರೆ ಬಾಯಿ ಮೊಸರು' ಎಂಬ ಮಾತುಗಳು ಈ ಸೀಮೆಯಲ್ಲಿಯೂ ಬಳಕೆಯಲ್ಲಿವೆ. ಕೆಲಸವಿಲ್ಲದ ಬಡಗಿ ಮಗನನ್ನೇ ಕೆತ್ತಲು ಹೊರಟನೆಂಬ ಒರಟು ಹಾಸ್ಯದ ಗಾದೆಯೂ ಪ್ರಸಿದ್ಧವಾಗಿದೆ. ಆದರೆ ಈ ಗಾದೆಗಳು ಬಿಡುವನ್ನು ಹಳಿಯುವುದಿಲ್ಲ ಎಂಬುದು ಗಮನಾರ್ಹ. ಎಲ್ಲರೂ ದುಡಿಯುತ್ತಿರುವಾಗ ಒಬ್ಬನೇ ಕೂರುವುದನ್ನು ಅವು ಹಳಿಯುತ್ತವೆ. ಊರ ಮುಂದಿನ ಅರಳಿಕಟ್ಟೆಗೆ ಉಳುಮೆಯ ದಿನಗಳಲ್ಲಿ 'ಸೋಮಾರಿಕಟ್ಟೆ' ಎಂಬ ಹೆಸರು ಬೀಳುತ್ತದೆ. ಅದೇ ಕಟ್ಟೆ ಬೇಸಗೆಯ ಇರುಳಿನಲ್ಲಿ ನ್ಯಾಯ ಪಂಚಾಯಿತಿಗೂ ಭಜನೆಗೂ ಕಥೆಗೂ ಎಡೆಯಾಗುತ್ತದೆ. ಕೂರುವವರು ಅವರೇ, ಬದಲಾದದ್ದು ಕಾಲ ಮಾತ್ರ.

3. ಬೇಸಾಯದ ಪಂಚಾಂಗದಲ್ಲಿ ಬಿಡುವಿನ ಸ್ಥಾನ

ಈ ಸೀಮೆಯ ಮುಖ್ಯ ಬೆಳೆ ರಾಗಿ. ಅದರೊಡನೆ ಅವರೆ, ತೊಗರಿ, ಹುರುಳಿ, ಕಡಲೆಕಾಯಿ ಮೊದಲಾದವು ಬೆಳೆಯುತ್ತವೆ. ಭರಣಿ ಮಳೆಗೆ ನೆಲ ಹಸನುಗೊಳಿಸಿ, ಆಷಾಢದ ಆಸುಪಾಸಿನಲ್ಲಿ ಬಿತ್ತಿ, ಕುಂಟೆ ಹೊಡೆದು, ಕಳೆ ತೆಗೆದು, ಕಾರ್ತಿಕ ಮಾರ್ಗಶಿರಗಳಲ್ಲಿ ಕೊಯ್ದು, ಪುಷ್ಯದಲ್ಲಿ ಕಣದ ಮೇಲೆ ಗುಂಡು ಹೊಡೆದು ಕಾಳು ಮಾಡಿಕೊಂಡರೆ ವರ್ಷದ ದುಡಿಮೆಯ ಮುಖ್ಯ ಭಾಗ ಮುಗಿದಂತೆ. ಸಂಕ್ರಾಂತಿಯಂದು ದನಗಳಿಗೆ ಕಿಚ್ಚು ಹಾಯಿಸುವುದರೊಂದಿಗೆ ಎತ್ತುಗಳ ದುಡಿಮೆಗೂ ಒಂದು ಕೊನೆ ಬೀಳುತ್ತದೆ. ಅಲ್ಲಿಂದ ಮುಂದಿನ ಭರಣಿ ಮಳೆಯವರೆಗಿನ ಮಾಘ, ಫಾಲ್ಗುಣ, ಚೈತ್ರ ಮಾಸಗಳು ಒಣಬೇಸಾಯದ ರೈತನಿಗೆ ಬಿಡುವಿನ ಕಾಲ. ಕೆರೆಯ ಕೆಳಗಿನ ಗದ್ದೆಯುಳ್ಳವರಿಗೆ ಈ ಬಿಡುವು ಮೊಟಕಾಗುತ್ತಿತ್ತು. ಕೆರೆಯ ಹೂಳೆತ್ತುವುದು, ಮನೆಯ ಮಾಡು ಹೊದಿಸುವುದು, ಮದುವೆ ಮಾಡುವುದು ಇವೂ ಇದೇ ಕಾಲದ ಕೆಲಸಗಳಾಗಿದ್ದವು.

ಈ ದೀರ್ಘ ಬಿಡುವಲ್ಲದೆ ದುಡಿಮೆಯ ತಿಂಗಳುಗಳ ನಡುವೆಯೂ ಕಟ್ಟಳೆಯ ಬಿಡುವುಗಳಿದ್ದವು. ಸೋಮವಾರ ಬಸವನ ದಿನವೆಂದು ಎತ್ತಿನ ಹೆಗಲಿಗೆ ನೊಗವಿಡದಿರುವುದು ಹಳೆಯ ಮೈಸೂರು ಸೀಮೆಯ ಅನೇಕ ಹಳ್ಳಿಗಳಲ್ಲಿರುವ ಪದ್ಧತಿ. ಅಮಾವಾಸ್ಯೆಯಂದು ಉಳುಮೆ ಮಾಡದಿರುವುದೂ ಉಂಟು. ಇಲ್ಲಿ ಬಿಡುವು ದೊರೆಯುವುದು ಮೊದಲು ಎತ್ತಿಗೆ, ಎತ್ತಿನ ನೆಪದಲ್ಲಿ ಮನುಷ್ಯನಿಗೆ. ಕಾರ್ಖಾನೆಗಳ ಕಾಯಿದೆ 1948ರಲ್ಲಿ ವಾರಕ್ಕೊಂದು ರಜೆಯನ್ನು ಕಡ್ಡಾಯಗೊಳಿಸುವುದಕ್ಕಿಂತ ಬಹಳ ಹಿಂದೆಯೇ ಬೇಸಾಯದ ಸಮಾಜ ವಾರದ ಬಿಡುವನ್ನು ದೇವರ ಹೆಸರಿನಲ್ಲಿ ನಿಶ್ಚಯಿಸಿಕೊಂಡಿತ್ತು. ಈ ಎರಡರ ನಡುವಿನ ವ್ಯತ್ಯಾಸವೆಂದರೆ, ಸೋಮವಾರದ ಬಿಡುವನ್ನು ಯಾವ ಯಜಮಾನನೂ ಕೊಟ್ಟದ್ದಲ್ಲ, ಆದ್ದರಿಂದ ಹಿಂತೆಗೆದುಕೊಳ್ಳುವ ಅಧಿಕಾರವೂ ಅವನಿಗಿರಲಿಲ್ಲ.

ಸುಗ್ಗಿಯ ನಂತರದ ಬಿಡುವಿಗೆ ಜಾತ್ರೆಗಳು ಗಡಿಕಲ್ಲುಗಳಂತಿದ್ದವು. ಮಹಾಶಿವರಾತ್ರಿಯ ಸಂದರ್ಭದಲ್ಲಿ ನಂದಿ ಗ್ರಾಮದ ಭೋಗನಂದೀಶ್ವರನ ರಥೋತ್ಸವವೂ ದನಗಳ ಜಾತ್ರೆಯೂ ನಡೆಯುತ್ತವೆ. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದ ದರ್ಗಾದ ಉರುಸಿಗೆ ಹಿಂದೂ ಮುಸ್ಲಿಮರಿಬ್ಬರೂ ಸೇರುತ್ತಾರೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ, ಹರಕೆಯ ನಾಗರಕಲ್ಲುಗಳ ಸಾಲಿಗೆ ಹೆಸರಾದ ಕ್ಷೇತ್ರ. ಹಳ್ಳಿಗಳಲ್ಲಿ ಮೊಹರಮ್ಮು 'ಬಾಬಯ್ಯನ ಹಬ್ಬ'ವಾಗಿ ಎಲ್ಲರದೂ ಆಗಿತ್ತು. ಜಾತ್ರೆಯಲ್ಲಿ ವ್ಯಾಪಾರ, ಹರಕೆ, ನೆಂಟಸ್ತಿಕೆ, ನೋಟ ಎಲ್ಲವೂ ಬೆರೆತಿರುತ್ತಿದ್ದವು. ಎತ್ತು ಕೊಳ್ಳಲು ಹೋದವನು ಮಗಳಿಗೆ ಗಂಡು ನೋಡಿಕೊಂಡು ಬರುವುದು ಅಪರೂಪವೇನೂ ಆಗಿರಲಿಲ್ಲ.

ಬಿಡುವು ಕೇವಲ ಮನೋರಂಜನೆಯಲ್ಲಿ ಮುಗಿಯುತ್ತಿರಲಿಲ್ಲ ಎಂಬುದಕ್ಕೆ ವಿದುರಾಶ್ವತ್ಥವೇ ಇನ್ನೊಂದು ಬಗೆಯ ಸಾಕ್ಷಿಯಾಗಿದೆ. 1938ರ ಏಪ್ರಿಲ್ ತಿಂಗಳಲ್ಲಿ ಶಿವಪುರದ ಧ್ವಜ ಸತ್ಯಾಗ್ರಹದ ಬೆನ್ನಿಗೆ, ಏಪ್ರಿಲ್ 25ರಂದು ಇಲ್ಲಿ ಸೇರಿದ ಸಾವಿರಾರು ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಪ್ರಾಣಹಾನಿಯಾಯಿತು. ಇದರ ಪರಿಣಾಮವಾಗಿ ನಡೆದ ಮಿರ್ಜಾ–ಪಟೇಲ್ ಒಪ್ಪಂದ ಮೈಸೂರಿನ ರಾಜಕೀಯ ಚರಿತ್ರೆಯಲ್ಲಿ ಮಹತ್ತ್ವದ್ದು. ಘಟನೆಯ ಕಾರಣಗಳು ರಾಜಕೀಯದವು ಎಂಬುದು ನಿಜ. ಆದರೂ ಅಷ್ಟು ರೈತರು ಒಂದು ಹಗಲು ಹೊಲ ಬಿಟ್ಟು ಬಂದು ನಿಲ್ಲಲು ಸಾಧ್ಯವಾದದ್ದು ಉಳುಮೆಗೆ ಮುಂಚಿನ ಬಿಡುವಿನ ದಿನಗಳಲ್ಲಿ ಎಂಬುದನ್ನು ಜನಜೀವನದ ಚರಿತ್ರೆಕಾರ ಮರೆಯುವಂತಿಲ್ಲ.

4. ಕೇಳಿಕೆ: ಬಿಡುವಿನಲ್ಲಿ ಕೈಗೊಂಡ ದುಡಿಮೆ

ಬಿಡುವಿನ ತಿಂಗಳುಗಳಲ್ಲಿ ಈ ಸೀಮೆಯ ಗಂಡಸರು ಕೈಗೊಳ್ಳುತ್ತಿದ್ದ ಅತ್ಯಂತ ದೊಡ್ಡ ಸಾಮೂಹಿಕ ಕಾರ್ಯ ಕೇಳಿಕೆ. ವಿದ್ವಾಂಸರು ಮೂಡಲಪಾಯ ಯಕ್ಷಗಾನವೆಂದು ಕರೆದ ಬಯಲಾಟದ ಪ್ರಕಾರಕ್ಕೆ ಈ ಭಾಗದಲ್ಲಿ ಇರುವ ಹೆಸರು ಇದು. ಮೂಡಲಪಾಯದ ಅಧ್ಯಯನ ಮತ್ತು ಪುನರುಜ್ಜೀವನದಲ್ಲಿ ಜೀ.ಶಂ. ಪರಮಶಿವಯ್ಯನವರ ಕೆಲಸ ಸುಪರಿಚಿತವಾದುದು. ರಾಮಾಯಣ, ಮಹಾಭಾರತ, ಭಾಗವತಗಳ ಕಥೆಗಳನ್ನು ಕನ್ನಡದಲ್ಲಿಯೋ ತೆಲುಗಿನಲ್ಲಿಯೋ ಇರುಳಿಡೀ ಆಡುವ ಈ ಆಟಕ್ಕೆ ಭಾಗವತ, ಮದ್ದಳೆ, ತಾಳ, ಮುಖವೀಣೆಗಳ ಹಿಮ್ಮೇಳ, ಕಿರೀಟ ಭುಜಕೀರ್ತಿಗಳ ವೇಷ, ಮಾತು ಹಾಡು ಕುಣಿತಗಳ ಮುಮ್ಮೇಳ ಬೇಕಾಗುತ್ತಿದ್ದವು.

ಇಲ್ಲಿ ಗಮನಿಸಬೇಕಾದದ್ದು ಆಟದ ಒಂದು ರಾತ್ರಿಯನ್ನಲ್ಲ, ಅದಕ್ಕೆ ಹಿಂದಿನ ತಿಂಗಳುಗಳನ್ನು. ಕಣದ ಕೆಲಸ ಮುಗಿಯುತ್ತಿದ್ದಂತೆ ಊರಿನವರು ಭಾಗವತನನ್ನು ಗೊತ್ತುಮಾಡಿ, ಪಾತ್ರಗಳನ್ನು ಹಂಚಿಕೊಂಡು, ಇರುಳೂಟದ ನಂತರ ತಾಲೀಮಿಗೆ ಕೂರುತ್ತಿದ್ದರು. ಓದು ಬಾರದವನು ಓದು ಬಲ್ಲವನ ಬಾಯಿಂದ ಕೇಳಿ ಕೇಳಿ ನೂರಾರು ಪದಗಳನ್ನೂ ಉದ್ದುದ್ದದ ಮಾತುಗಳನ್ನೂ ಕಂಠಪಾಠ ಮಾಡಬೇಕಾಗಿತ್ತು. ಹೆಜ್ಜೆ ತಪ್ಪಿದರೆ ಬೈಗುಳ ತಪ್ಪಿದ್ದಲ್ಲ. ಪಾತ್ರ ವಹಿಸುವವನು ಹಣ ಪಡೆಯುವುದಿರಲಿ, ವೇಷಭೂಷಣದ ಬಾಡಿಗೆಗೆ ತಾನೇ ಹಣ ಹಾಕಬೇಕಾಗಿತ್ತು. ಮುಂದೆ ಹಾರ್ಮೋನಿಯಂ ಮೇಷ್ಟ್ರೂ ಬಾಡಿಗೆಯ ಸೀನರಿಯೂ ಬಂದು ಪೌರಾಣಿಕ ನಾಟಕಗಳು ಜನಪ್ರಿಯವಾದಾಗಲೂ ಇದೇ ಪದ್ಧತಿ ಮುಂದುವರಿಯಿತು. ಕೃಷ್ಣನ ಪಾತ್ರಕ್ಕೋ ದುರ್ಯೋಧನನ ಪಾತ್ರಕ್ಕೋ ಹೆಚ್ಚಿನ ಹಣ ತೆತ್ತು ಪಾತ್ರ ಹಿಡಿಯುವುದು ಇಂದಿಗೂ ಹಳೆಯ ಮೈಸೂರು ಭಾಗದ ಹಳ್ಳಿಗಳಲ್ಲಿ ಉಳಿದಿದೆ.

ದುಡಿಮೆಯಿಂದ ಬಿಡುಗಡೆ ಹೊಂದಿದ ರೈತ ವಿಶ್ರಾಂತಿ ಪಡೆಯಲಿಲ್ಲ. ನಿದ್ದೆಗೆಟ್ಟು, ಹಣ ವ್ಯಯಿಸಿ, ಗುರುವಿನ ಬೈಗುಳ ತಿಂದು, ಹೊಲದ ಕೆಲಸಕ್ಕಿಂತ ಕಠಿನವಾದ ಇನ್ನೊಂದು ಕೆಲಸವನ್ನು ತಾನೇ ಆರಿಸಿಕೊಂಡನು. ಹೊಲದ ದುಡಿಮೆಗೂ ಇದಕ್ಕೂ ಇರುವ ಅಂತರ ಶ್ರಮದ ಪ್ರಮಾಣದಲ್ಲಿಲ್ಲ, ಆಯ್ಕೆಯಲ್ಲಿದೆ. ಎಂಟು ತಿಂಗಳು ಯಾರದೋ ಸಾಲಕ್ಕೆ, ಕಂದಾಯಕ್ಕೆ, ಹೊಟ್ಟೆಗೆ ಬಾಗಿದ ಬೆನ್ನು ಒಂದು ರಾತ್ರಿ ಕಿರೀಟ ಹೊತ್ತು ನೆಟ್ಟಗೆ ನಿಲ್ಲುತ್ತಿತ್ತು. ಕೇಳಿಕೆಯಂತೆಯೇ ಕೋಲಾಟ, ಚೆಕ್ಕಭಜನೆ, ಪಂಡರಿಭಜನೆಗಳೂ ತಾಲೀಮನ್ನು ಬೇಡುವ ಕಲೆಗಳಾಗಿವೆ. ಕಟ್ಟೆಯ ಮೇಲೆ ಗೆರೆ ಕೊರೆದು ಆಡುವ ಹುಲಿಕುರಿಯಾಟ, ಹೆಂಗಸರ ಚೌಕಾಬಾರ ಮತ್ತು ಅಳಗುಳಿಮಣೆ, ಯುಗಾದಿಯ ಜೂಜು ಇವೂ ಈ ಕಾಲದವೇ. ಬಿಡುವಿನಲ್ಲಿ ಸಾಲ ಮಾಡಿ ಜೂಜಾಡಿದವರೂ ಕುಡಿದವರೂ ಇದ್ದರು. ಜನಪದರ ಬಿಡುವನ್ನು ಪೂರ್ತಿಯಾಗಿ ಸಾತ್ತ್ವಿಕವೆಂದು ಚಿತ್ರಿಸುವುದು ಸರಿಯಾಗಲಾರದು.

ಇದೇ ಸಂದರ್ಭದಲ್ಲಿ ಕೈವಾರದ ನಾರಾಯಣಪ್ಪನವರ ಪರಂಪರೆಯನ್ನು ನೆನೆಯಬಹುದು. 1726ರಿಂದ 1836ರವರೆಗೆ 110 ವರ್ಷ ಬಾಳಿದರೆಂದು ಭಕ್ತರು ನಂಬುವ ಈ ತಾತಯ್ಯನವರು ಮೊದಲಿಗೆ ಬಳೆ ವ್ಯಾಪಾರಿಯಾಗಿದ್ದರು. ಬಡವರಿಗೆ ಬಳೆ ತೊಡಿಸಿ ಹಣ ಕೇಳದೆ ಬರುತ್ತಿದ್ದ ಅವರನ್ನು ಮನೆಯವರು ಕೈಲಾಗದವನೆಂದು ನಿಂದಿಸಿದರೆಂದೂ, ಅನಂತರ ಅವರು ವ್ಯಾಪಾರ ತೊರೆದು ತಪಸ್ಸಿಗೆ ನಿಂತರೆಂದೂ ಐತಿಹ್ಯ ಹೇಳುತ್ತದೆ. ದುಡಿಮೆ ಬಿಟ್ಟವನು ಕಾಲವನ್ನು ಏನು ಮಾಡಿದನೆಂಬುದಕ್ಕೆ ಕನ್ನಡ ಮತ್ತು ತೆಲುಗುಗಳೆರಡರಲ್ಲಿಯೂ ಹಬ್ಬಿರುವ ಅವರ ತತ್ತ್ವಪದಗಳೇ ಉತ್ತರವಾಗಿವೆ. ಗುರುಪೂರ್ಣಿಮೆಯ ಸಂದರ್ಭದಲ್ಲಿ ಕೈವಾರದಲ್ಲಿ 72 ಗಂಟೆಗಳ ಕಾಲ ಎಡೆಬಿಡದೆ ಸಂಗೀತೋತ್ಸವ ನಡೆಯುತ್ತದೆ. ಮನೆಯವರ ಕಣ್ಣಿಗೆ ಮೈಗಳ್ಳತನವಾಗಿ ಕಂಡದ್ದು ಊರಿನ ಕಣ್ಣಿಗೆ ಸಾಧನೆಯಾಗಿ ಕಂಡ ಈ ಐತಿಹ್ಯ, ದುಡಿಮೆಯ ಮೌಲ್ಯವನ್ನು ಕುರಿತು ಜನಪದರಲ್ಲಿದ್ದ ಎರಡು ಮನಸ್ಸನ್ನು ತೋರಿಸುತ್ತದೆ.

5. ಯಾರ ಬಿಡುವು, ಯಾರ ದುಡಿಮೆ?

ಊರಿನ ಬಿಡುವು ಎಂಬ ಮಾತನ್ನು ವಿಮರ್ಶೆಯಿಲ್ಲದೆ ಒಪ್ಪುವಂತಿಲ್ಲ. ಒಬ್ಬರ ಬಿಡುವು ಇನ್ನೊಬ್ಬರ ದುಡಿಮೆಯ ಮೇಲೆ ನಿಂತಿತ್ತು. ರೈತನ ಸುಗ್ಗಿ ಮುಗಿಯುವುದನ್ನೇ ಕಾಯುತ್ತಿದ್ದ ಅಲೆಮಾರಿ ಸಮುದಾಯಗಳಿದ್ದವು. ವಂಶಾವಳಿ ಹೇಳುವ ಹೆಳವರು, ತೊಗಲುಗೊಂಬೆಯಾಡಿಸುವ ಕಿಳ್ಳೇಕ್ಯಾತರು, ಹಗಲುವೇಷದವರು, ಕಥೆ ಹೇಳುವ ಬುಡ್ಗಜಂಗಮರು, ದೊಂಬಿದಾಸರು, ಕೋಲೆಬಸವನನ್ನು ಕರೆತರುವವರು ಇವರಿಗೆಲ್ಲ ಊರಿನ ಬಿಡುವಿನ ತಿಂಗಳುಗಳೇ ದುಡಿಮೆಯ ತಿಂಗಳುಗಳು. ಕಣದಲ್ಲಿ ಕಾಳಿದ್ದರೆ ಮಾತ್ರ ಅವರ ಕಥೆಗೆ ಬೆಲೆ.

ಊರೊಳಗೂ ಇದೇ ಸ್ಥಿತಿ. ಜಾತ್ರೆಯಲ್ಲಿ, ಮೆರವಣಿಗೆಯಲ್ಲಿ ತಮಟೆ ಬಾರಿಸುವುದು ದಲಿತರಿಗೆ ವಿನೋದವಾಗಿರಲಿಲ್ಲ. ಅದು ಹುಟ್ಟಿನಿಂದ ಹೇರಿದ ಚಾಕರಿ. ತೋಟಿ, ತಳವಾರ, ನೀರುಗಂಟಿಗಳ ಕೆಲಸಕ್ಕೆ ಸುಗ್ಗಿಯೆಂದಾಗಲಿ ಹಬ್ಬವೆಂದಾಗಲಿ ಕೊನೆಯಿರಲಿಲ್ಲ. ಜೀತಕ್ಕಿದ್ದವನಿಗೆ ಒಡೆಯನ ಬಿಡುವು ತನ್ನ ಬಿಡುವಾಗುತ್ತಿರಲಿಲ್ಲ. ಜೀತಪದ್ಧತಿಯನ್ನು ರದ್ದುಗೊಳಿಸುವ ಕಾಯಿದೆ ಬಂದದ್ದು 1976ರಲ್ಲಿ. ಹೇರಿದ ಚಾಕರಿಯಾಗಿದ್ದ ವಾದ್ಯವನ್ನು ಗೌರವದ ಕಲೆಯಾಗಿ ಪರಿವರ್ತಿಸಿದ ಕೀರ್ತಿ ಆ ಸಮುದಾಯದ ಕಲಾವಿದರಿಗೇ ಸಲ್ಲಬೇಕು. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದದ್ದು ಈ ದೀರ್ಘ ಪರಿವರ್ತನೆಯ ಒಂದು ಗುರುತು.

ಹೆಂಗಸರ ಬಿಡುವಿನ ಪ್ರಶ್ನೆ ಇನ್ನೂ ಜಟಿಲವಾದುದು. ಗಂಡಸರು ತಾಲೀಮಿಗೆ ಕೂತ ಇರುಳಿನಲ್ಲಿಯೂ ಕೋಳಿ ಕೂಗುವ ಮುನ್ನ ಎದ್ದು ರಾಗಿ ಬೀಸಬೇಕಾದವರು ಹೆಂಗಸರೇ. ಅವರಿಗೆ ಬಿಡುವು ಒಂದು ಋತುವಾಗಿ ದೊರೆಯಲಿಲ್ಲ. ಆದ್ದರಿಂದ ಅವರ ಹಾಡು ದುಡಿಮೆಯ ಹೊರಗೆ ಬೆಳೆಯದೆ ದುಡಿಮೆಯ ಒಳಗೇ ಬೆಳೆಯಿತು. ಬೀಸುವ ಪದ, ಕುಟ್ಟುವ ಪದ, ನಾಟಿಯ ಪದಗಳು ಕೆಲಸದ ಲಯಕ್ಕೆ ಹೊಂದಿಕೊಂಡು ಹುಟ್ಟಿದವು. ಕೇಳಿಕೆ ಬಿಡುವು ಪಡೆದವರ ಕಲೆ, ಬೀಸುವ ಪದ ಬಿಡುವಿಲ್ಲದವರ ಕಲೆ ಎಂದು ಸ್ಥೂಲವಾಗಿ ವಿಂಗಡಿಸಬಹುದು. ಹಿಟ್ಟಿನ ಗಿರಣಿ ಬಂದಾಗ ಬೀಸುವ ಕಷ್ಟ ಹೋಯಿತು, ಅದರೊಡನೆ ಪದವೂ ಹೋಯಿತು. ಕಷ್ಟ ಹೋದದ್ದಕ್ಕೆ ಯಾರೂ ಮರುಗಬೇಕಿಲ್ಲ. ಆದರೆ ಹೀಗೆ ಉಳಿದ ಹೊತ್ತು ಹೆಂಗಸರ ಕೈಗೆ ಬಂದಿತೇ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

6. ಬರ: ಖಾಲಿಯಾದ ಕಾಲ

ಬಿಡುವು ಮತ್ತು ಕೆಲಸವಿಲ್ಲದಿರುವಿಕೆ ಒಂದೇ ಅಲ್ಲ ಎಂಬುದನ್ನು ಬರಗಾಲಗಳು ನಿಸ್ಸಂದೇಹವಾಗಿ ತೋರಿಸುತ್ತವೆ. 1876–78ರ ಮಹಾಕ್ಷಾಮ 'ಧಾತು ಈಶ್ವರ ಬರ'ವೆಂದು ಜನರ ನೆನಪಿನಲ್ಲಿ ಉಳಿದಿದೆ. 1871ರ ಜನಗಣತಿಯಲ್ಲಿ ಸುಮಾರು 50.5 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 41.8 ಲಕ್ಷಕ್ಕೆ ಇಳಿಯಿತು. ಆ ವರ್ಷಗಳಲ್ಲಿ ರೈತನಿಗೆ ಹೊಲದಲ್ಲಿ ಕೆಲಸವಿರಲಿಲ್ಲ. ದಿನವಿಡೀ ಅವನ ಕೈಯಲ್ಲಿ ಹೊತ್ತಿತ್ತು. ಆದರೆ ಆ ಹೊತ್ತು ಕೇಳಿಕೆಯಾಗಲಿಲ್ಲ. ಕೂಲಿ ಅರಸಿ ಊರು ಬಿಡುವುದು, ಗಂಜಿಕೇಂದ್ರದ ಮುಂದೆ ಸಾಲು ನಿಲ್ಲುವುದು, ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆಯುವುದು ಇವುಗಳಲ್ಲಿ ಕಳೆಯಿತು. ಬೆಂಗಳೂರು–ಮೈಸೂರು ರೈಲುದಾರಿಯ ಕೆಲಸವೂ ಕ್ಷಾಮ ಪರಿಹಾರದ ಭಾಗವಾಗಿ ಆರಂಭವಾದದ್ದು.

ಸಾಮಾನ್ಯ ಬರಗಳಲ್ಲಿಯೂ ಕಲೆ ಪೂರ್ತಿ ನಿಲ್ಲುವುದಿಲ್ಲ, ಆದರೆ ಅದರ ಸ್ವಭಾವ ಬದಲಾಗುತ್ತದೆ. ಮಳೆಗಾಗಿ ವಿರಾಟಪರ್ವವನ್ನು ಓದಿಸುವುದು ಕರ್ನಾಟಕದ ಅನೇಕ ಕಡೆಗಳಲ್ಲಿರುವ ನಂಬಿಕೆ. ಹುಡುಗರು ಮಣ್ಣಿನ ಮಳೆರಾಯನನ್ನು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗಿ ನೀರು ಹಾಕಿಸಿಕೊಳ್ಳುತ್ತಾರೆ. ಕಪ್ಪೆಗಳಿಗೆ ಮದುವೆ ಮಾಡಿಸುತ್ತಾರೆ. ಸುಗ್ಗಿಯಲ್ಲಿ ಸಂತೋಷಕ್ಕಾಗಿ ಹಾಡಿದವರು ಬರದಲ್ಲಿ ಬೇಡುವುದಕ್ಕಾಗಿ ಹಾಡುತ್ತಾರೆ. ಕಣಜದಲ್ಲಿ ಕಾಳು, ಎದುರಿಗೆ ಮಳೆಯ ಭರವಸೆ, ಪಕ್ಕದಲ್ಲಿ ತನ್ನಂತೆಯೇ ಬಿಡುವಾಗಿರುವ ನೆರೆಯವನು ಈ ಮೂರೂ ಇದ್ದಾಗ ಮಾತ್ರ ಕೆಲಸವಿಲ್ಲದ ಹೊತ್ತು ಬಿಡುವಾಗುತ್ತದೆ. ಇವುಗಳಲ್ಲಿ ಯಾವುದೊಂದು ಇಲ್ಲವಾದರೂ ಅದು ಬರಿಯ ಖಾಲಿ ಕಾಲ.

7. ಸುಧಾರಕರ ದೃಷ್ಟಿಯಲ್ಲಿ ರೈತನ ಬಿಡುವು

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ರೈತನ ಬಿಡುವಿನ ತಿಂಗಳುಗಳು ಆಡಳಿತದ ಚರ್ಚೆಗೆ ವಸ್ತುವಾದವು. 1928ರಲ್ಲಿ ವರದಿ ನೀಡಿದ ಬ್ರಿಟಿಷ್ ಸರ್ಕಾರದ ಕೃಷಿ ಆಯೋಗ ಭಾರತದ ಬಹುಪಾಲು ರೈತರಿಗೆ ವರ್ಷದಲ್ಲಿ ಕನಿಷ್ಠ ಎರಡರಿಂದ ನಾಲ್ಕು ತಿಂಗಳು ಕೆಲಸವಿರುವುದಿಲ್ಲವೆಂದು ಗುರುತಿಸಿತು. ಚಿಕ್ಕಬಳ್ಳಾಪುರ ತಾಲ್ಲೂಕಿನ ಮುದ್ದೇನಹಳ್ಳಿಯಲ್ಲಿ ಹುಟ್ಟಿ, 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಎಂ. ವಿಶ್ವೇಶ್ವರಯ್ಯನವರು ಬೇಸಾಯವೊಂದನ್ನೇ ನಂಬಿದ ನಾಡು ಬಡತನದಿಂದ ಪಾರಾಗದೆಂದೂ, ಹಳ್ಳಿಗಳಲ್ಲಿಯೂ ಕೈಗಾರಿಕೆ ಬೆಳೆಯಬೇಕೆಂದೂ ಜೀವನದುದ್ದಕ್ಕೂ ವಾದಿಸಿದರು. ಗಾಂಧೀಜಿಯವರು ಯಂತ್ರಗಳ ವಿಷಯದಲ್ಲಿ ಅವರಿಗೆ ವಿರುದ್ಧವಾದ ನಿಲುವು ತಳೆದಿದ್ದರೂ, ರೈತನ ಬಿಡುವಿನ ತಿಂಗಳುಗಳನ್ನು ಚರಕದಿಂದ ತುಂಬಬೇಕೆಂದು ಹೇಳಿದರು. ಅದೇ ಗಾಂಧೀಜಿಯವರು 1927ರಲ್ಲಿ ಆರೋಗ್ಯ ಕೆಟ್ಟು, ವೈದ್ಯರ ಸಲಹೆಯಂತೆ ವಿಶ್ರಾಂತಿಗಾಗಿ ಇದೇ ಸೀಮೆಯ ನಂದಿಬೆಟ್ಟದಲ್ಲಿ ಹಲವು ವಾರ ಉಳಿದರು. 1936ರಲ್ಲಿಯೂ ಅಲ್ಲಿಗೆ ಬಂದಿದ್ದರು. ವಿಶ್ರಾಂತಿಯ ಆ ವಾರಗಳಲ್ಲಿಯೂ ಅವರ ಪತ್ರವ್ಯವಹಾರ ನಿಲ್ಲಲಿಲ್ಲ.

ಈ ಮೂರು ನಿಲುವುಗಳೂ ರೈತನ ಬಡತನವನ್ನು ಕಂಡು ಮರುಗಿದವುಗಳೇ. ಅವುಗಳ ಕಾಳಜಿಯನ್ನು ಶಂಕಿಸಬೇಕಾಗಿಲ್ಲ. ಆದರೆ ಮೂರಕ್ಕೂ ಬಿಡುವು ಕಂಡದ್ದು ತುಂಬಬೇಕಾದ ಕೊರತೆಯಾಗಿ. ಆ ತಿಂಗಳುಗಳನ್ನು ಜನರು ಆಗಲೇ ತಾಲೀಮು, ಭಜನೆ, ಜಾತ್ರೆ, ಮದುವೆಗಳಿಂದ ತುಂಬಿಕೊಂಡಿದ್ದಾರೆ ಎಂಬ ಅಂಶ ಅಂದಿನ ಲೆಕ್ಕಪತ್ರದ ಯಾವ ಕಾಲಮ್ಮಿಗೂ ಸೇರುವಂತಿರಲಿಲ್ಲ. ಗ್ರಾಮೀಣ ಉದ್ಯೋಗ ಖಾತರಿಗಾಗಿ 2005ರಲ್ಲಿ ಬಂದ ಕಾಯಿದೆ ವರ್ಷಕ್ಕೆ 100 ದಿನಗಳ ಕೆಲಸದ ಹಕ್ಕನ್ನು ಕುಟುಂಬಕ್ಕೆ ನೀಡಿದಾಗಲೂ, ಬೇಸಗೆಯ ತಿಂಗಳುಗಳು ಕಾಣಿಸಿದ್ದು ಕೆಲಸ ಒದಗಿಸಬೇಕಾದ ಅವಧಿಯಾಗಿಯೇ. ಕಣಜ ಬರಿದಾದವನಿಗೆ ಅದು ಅಗತ್ಯವೇ ಆಗಿತ್ತು. ಖಾಲಿ ಕಾಲಕ್ಕೆ ಕೂಲಿಯೇ ಪರಿಹಾರ.

8. ಹುಳುವಿನ ಕಾಲಮಾನ

ಈ ಸೀಮೆಯ ಬಿಡುವನ್ನು ಕೊನೆಗೂ ಕರಗಿಸಿದ್ದು ಯೋಜನೆಗಳಲ್ಲ, ಕೊಳವೆಬಾವಿ ಮತ್ತು ರೇಷ್ಮೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರಿನಲ್ಲಿ ಬೇರೂರಿದ ರೇಷ್ಮೆ ಕೃಷಿ ಈ ತಾಲ್ಲೂಕುಗಳಲ್ಲಿ ವ್ಯಾಪಕವಾಗಿ ಹಬ್ಬಿತು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲೊಂದು. ಕೊಳವೆಬಾವಿಯ ನೀರಿನಿಂದ ಹಿಪ್ಪುನೇರಳೆ ವರ್ಷವಿಡೀ ಚಿಗುರುವಂತಾದಾಗ ಬೇಸಾಯದ ಪಂಚಾಂಗವೇ ಬದಲಾಯಿತು.

ರಾಗಿಗೆ ಋತುವಿದೆ, ಹುಳುವಿಗಿಲ್ಲ. ಮೊಟ್ಟೆಯೊಡೆದು ಬಂದ ಹುಳು ನಾಲ್ಕು ಜ್ವರಗಳನ್ನು ದಾಟಿ, ಸುಮಾರು 25–28 ದಿನಗಳಲ್ಲಿ ಹಣ್ಣಾಗಿ ಚಂದ್ರಿಕೆ ಏರುತ್ತದೆ. ಕೊನೆಯ ಹಂತದಲ್ಲಿ ಅದು ತಿನ್ನುವ ಸೊಪ್ಪು ಹಿಂದಿನ ಎಲ್ಲ ಹಂತಗಳಲ್ಲಿ ತಿಂದುದಕ್ಕಿಂತ ಎಷ್ಟೋ ಪಾಲು ಹೆಚ್ಚು. ಆ ದಿನಗಳಲ್ಲಿ ಹಗಲಿರುಳೆನ್ನದೆ ಮನೆಮಂದಿಯೆಲ್ಲ ಸೊಪ್ಪು ತರುವ, ಹಾಕುವ, ಹಾಸಿಗೆ ತೆಗೆಯುವ ಕೆಲಸದಲ್ಲಿರಬೇಕು. ರೋಗ ತಗುಲೀತೆಂಬ ಭಯದಿಂದ ಹುಳುಮನೆಗೆ ಹೊರಗಿನವರ ಪ್ರವೇಶಕ್ಕೂ ನಿರ್ಬಂಧವಿರುತ್ತದೆ. ಹುಳು ಜ್ವರಕ್ಕೆ ಕೂತಾಗ ಸೊಪ್ಪು ಹಾಕುವಂತಿಲ್ಲ. ಆ ಒಂದೊಂದು ದಿನವೇ ಸಾಕುವವರಿಗೆ ದೊರೆಯುವ ಬಿಡುವು. ಹಿಂದೆ ಎತ್ತಿನ ಸೋಮವಾರ ಊರಿಗೆಲ್ಲ ಒಟ್ಟಿಗೆ ಬರುತ್ತಿತ್ತು. ಹುಳುವಿನ ಜ್ವರ ಒಂದೊಂದು ಮನೆಗೆ ಒಂದೊಂದು ದಿನ ಬರುತ್ತದೆ. ಒಂದು ಮನೆಯಲ್ಲಿ ಹುಳು ಹಣ್ಣಾದಾಗ ಪಕ್ಕದ ಮನೆಯಲ್ಲಿ ಮೊಟ್ಟೆಯೊಡೆಯುತ್ತಿರುತ್ತದೆ. ಆದ್ದರಿಂದ ಪ್ರತಿಯೊಬ್ಬರಿಗೂ ಅಷ್ಟಿಷ್ಟು ಪುರುಸೊತ್ತು ಇದ್ದರೂ ಎಲ್ಲರಿಗೂ ಒಮ್ಮೆಗೇ ಪುರುಸೊತ್ತು ದೊರೆಯುವುದಿಲ್ಲ. ಹತ್ತಿಪ್ಪತ್ತು ಜನ ಒಟ್ಟಿಗೆ ತಿಂಗಳುಗಟ್ಟಲೆ ಕೂರಬೇಕಾದ ಕೇಳಿಕೆಗೆ ಇದು ದೊಡ್ಡ ಪೆಟ್ಟಾಯಿತು. ಗಿರಣಿಯಿಂದ ಉಳಿದ ಹೆಂಗಸರ ಹೊತ್ತು ಬಹುಪಾಲು ಈ ಹುಳುಮನೆಗೇ ಸಂದಿತು.

ರೇಷ್ಮೆ ಈ ಸೀಮೆಗೆ ಅನ್ನ ಕೊಟ್ಟಿದೆ, ಶಾಲೆಯ ಶುಲ್ಕ ಕೊಟ್ಟಿದೆ, ಹೆಣ್ಣುಮಕ್ಕಳ ಮದುವೆ ಮಾಡಿಸಿದೆ. ಬರದ ಭಯವನ್ನು ಒಂದಷ್ಟು ಕಾಲ ದೂರವಿಟ್ಟಿದೆ. ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಕೊಳವೆಬಾವಿಗಳು ಸಾವಿರ ಅಡಿಗಳನ್ನೂ ಮೀರಿ ಇಳಿದವು. ಕೆರೆಗಳು ಒಣಗಿದವು. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರನ್ನು ಈ ಸೀಮೆಯ ಕೆರೆಗಳಿಗೆ ಹರಿಸುವ ಸ್ಥಿತಿ ಬಂದಿತು. ಇದೇ ಅವಧಿಯಲ್ಲಿ ದೂರದರ್ಶನ ಮನೆಗಳನ್ನು ಪ್ರವೇಶಿಸಿತು. 1987–88ರಲ್ಲಿ ರಾಮಾಯಣವೂ 1988–90ರಲ್ಲಿ ಮಹಾಭಾರತವೂ ಭಾನುವಾರದ ಬೆಳಗಿನಲ್ಲಿ ಪ್ರಸಾರವಾದವು. ಊರಿನವರು ತಿಂಗಳುಗಟ್ಟಲೆ ಕಲಿತು ಆಡುತ್ತಿದ್ದ ಕಥೆಗಳು ಸಿದ್ಧರೂಪದಲ್ಲಿ ಎದುರಿಗೆ ಬಂದವು. ಬಯಲಿನಲ್ಲಿ ಕೂಡಿ ಕಳೆಯುತ್ತಿದ್ದ ಬಿಡುವು ಮನೆಯೊಳಗಿನ ನೋಟವಾಯಿತು. ಅನಂತರ ಮೊಬೈಲ್ ಫೋನಿನೊಡನೆ ಅದು ಒಬ್ಬೊಬ್ಬರ ಅಂಗೈಗೆ ಇಳಿಯಿತು.

9. ಸಮಾರೋಪ

ದುಡಿಯಬೇಕಾದ ಅಗತ್ಯವಿಲ್ಲದಾಗ ಜನ ಏನು ಮಾಡುತ್ತಾರೆ ಎಂಬ ಪ್ರಶ್ನೆಗೆ ಚಿಕ್ಕಬಳ್ಳಾಪುರ ಸೀಮೆಯ ಚರಿತ್ರೆ ಎರಡು ಮಾತುಗಳಲ್ಲಿ ಉತ್ತರ ಕೊಡುತ್ತದೆ. ಹೊಟ್ಟೆ ತುಂಬಿ, ನೆರೆಯವರೊಡನೆ ಕೂಡಿ ಬಿಡುವು ದೊರೆತಾಗ ಅವರು ಸೋಮಾರಿಗಳಾಗಿ ಕೂರಲಿಲ್ಲ. ದುಡಿಮೆಗಿಂತ ಕಠಿನವಾದ ಕಲೆಗಳನ್ನು ಕೈಗೊಂಡರು. ಹೊಟ್ಟೆ ಬರಿದಾಗಿ ಕೆಲಸ ತಪ್ಪಿದಾಗ ಅದೇ ಜನ ಅದೇ ಕಲೆಗಳನ್ನು ಕೆಳಗಿಟ್ಟು ಗುಳೆ ಹೋದರು. ಜೊತೆಗೆ, ಒಂದು ವರ್ಗದ ಬಿಡುವಿಗಾಗಿ ಇನ್ನೊಂದು ವರ್ಗ, ಗಂಡಸರ ಬಿಡುವಿಗಾಗಿ ಹೆಂಗಸರು ದುಡಿದದ್ದನ್ನೂ ಈ ಚರಿತ್ರೆ ಮುಚ್ಚಿಡುವುದಿಲ್ಲ. ಹಳೆಯ ಬಿಡುವನ್ನು ಹಾಗೆಯೇ ಮರಳಿ ತರಬೇಕೆಂದು ಯಾರೂ ಬಯಸಲಾರರು. ಅದರ ನೆರಳಿನಲ್ಲಿ ಜೀತವಿತ್ತು, ಬರವಿತ್ತು.

ಆದರೆ ಜಾನಪದದ ಸಂರಕ್ಷಣೆಗೆ ಸಂಬಂಧಿಸಿದಂತೆ ಈ ಚರಿತ್ರೆಯಿಂದ ಪಡೆಯಬೇಕಾದ ಪಾಠವೊಂದಿದೆ. ಸಂಸ್ಥೆಗಳೂ ವಿದ್ವಾಂಸರೂ ಪ್ರಸಂಗಗಳನ್ನು ಸಂಪಾದಿಸಿದ್ದಾರೆ, ವೇಷಗಳನ್ನು ವಸ್ತುಸಂಗ್ರಹಾಲಯಕ್ಕೆ ಸೇರಿಸಿದ್ದಾರೆ, ಹಾಡುಗಳನ್ನು ಧ್ವನಿಮುದ್ರಿಸಿದ್ದಾರೆ, ಕಲಾವಿದರಿಗೆ ಮಾಸಾಶನ ದೊರೆಯುವಂತೆ ಮಾಡಿದ್ದಾರೆ. ಇವೆಲ್ಲವೂ ಆಗಬೇಕಾದ ಕೆಲಸಗಳೇ. ಇರುಳಿಡೀ ಆಡಬೇಕಾದ ಆಟವನ್ನು ಉತ್ಸವದ ವೇದಿಕೆಯ ಮೇಲೆ ಅರ್ಧ ಗಂಟೆಗೆ ಮೊಟಕುಗೊಳಿಸಿ ತೋರಿಸಿದಾಗ ಉಳಿಯುವುದು ವೇಷ ಮತ್ತು ಕುಣಿತ. ಅವುಗಳನ್ನು ಹುಟ್ಟಿಸಿದ ತಾಲೀಮಿನ ತಿಂಗಳುಗಳು ಉಳಿಯುವುದಿಲ್ಲ. ಕೇಳಿಕೆಯ ಅವನತಿಯನ್ನು ಆಸಕ್ತಿಯ ಕೊರತೆ ಎಂದು ವಿವರಿಸುವುದು ರೂಢಿಯಾಗಿದೆ. ಮೇಲಿನ ಪರಿಶೀಲನೆಯಿಂದ ಕಂಡುಬರುವುದೇನೆಂದರೆ, ಕೊರತೆ ಆಸಕ್ತಿಯದಕ್ಕಿಂತ ಹೆಚ್ಚಾಗಿ ಎಲ್ಲರಿಗೂ ಒಟ್ಟಿಗೆ ದೊರೆಯುವ ಕಾಲದ್ದು. ಪಾತ್ರಕ್ಕೆ ಇಂದಿಗೂ ಹಣ ತೆರಲು ಸಿದ್ಧರಿರುವ ರೈತರಿರುವುದೇ ಇದಕ್ಕೆ ಸಾಕ್ಷಿ. ಕಲಾವಿದನ ಕೂಲಿಯ ದಿನಗಳ ನಷ್ಟವನ್ನು ತುಂಬಿಕೊಟ್ಟು ತಾಲೀಮಿಗೇ ನೆರವು ನೀಡುವುದು, ಪ್ರದರ್ಶನವನ್ನು ಪಟ್ಟಣದ ಸಭಾಂಗಣಕ್ಕೆ ಕರೆಯದೆ ಊರಿನ ಜಾತ್ರೆಯ ಇರುಳಿಗೇ ಬಿಡುವುದು, ಹೆಣ್ಣುಮಕ್ಕಳ ತಂಡಗಳಿಗೂ ಇದೇ ಅವಕಾಶ ಒದಗಿಸುವುದು ಇಂಥ ಕ್ರಮಗಳನ್ನು ಕೈಗೊಂಡರೆ ಕಲೆಯೊಡನೆ ಅದರ ಕಾಲವೂ ಸ್ವಲ್ಪಮಟ್ಟಿಗೆ ಉಳಿದೀತು. ಕೀನ್ಸ್ ಊಹಿಸಿದ 2030 ಸಮೀಪಿಸಿದೆ. ವಾರಕ್ಕೆ 15 ಗಂಟೆಗಳ ದುಡಿಮೆ ಶಿಡ್ಲಘಟ್ಟದ ಹುಳುಮನೆಯವರಿಗಾಗಲಿ, ಗೌರಿಬಿದನೂರಿನ ಕಾರ್ಖಾನೆಯ ಪಾಳಿಯವರಿಗಾಗಲಿ ಬಂದಿಲ್ಲ. ಅಂಥ ಬಿಡುವು ಎಂದಾದರೊಮ್ಮೆ ಬಂದರೆ ಅದನ್ನು ತುಂಬಿಕೊಳ್ಳುವ ವಿದ್ಯೆಯನ್ನು ಈ ಸೀಮೆಯ ಜನ ಹೊಸದಾಗಿ ಕಲಿಯಬೇಕಾಗಿಲ್ಲ. ಆ ವಿದ್ಯೆ ಬಲ್ಲ ಭಾಗವತರೂ ಮದ್ದಳೆಗಾರರೂ ಇನ್ನೂ ಕೆಲವರು ಬದುಕಿದ್ದಾರೆ.